ಸಿಂಗಲ್-ಸೆವೆನ್ ಇದ್ದವರು ಏನಂತೀರಿ?

ಆಸ್ಟಿನ್‌ನಿಂದ ಕೇಳುತ್ತಿದ್ದೇನೆ. ಮನೆಯಲ್ಲಿ ರೂಗರ್ ಕಂಪನಿಯ ಸಿಂಗಲ್-ಸಿಕ್ಸ್ ರಿವಾಲ್ವರ್ ಇದೆ, .22 ಬೋರ್ (ಇಂಚಿನ ಲೆಕ್ಕದಲ್ಲಿ ಗುಂಡಿನ ದಪ್ಪ). ನಾನೂ ಹೆಂಡತಿಯೂ ಅದರಲ್ಲೇ ಕಲಿತದ್ದು. ಈಗ ಸ್ವಲ್ಪ ದೊಡ್ಡದು ಬೇಕು ಅನಿಸಿದೆ. ಗೆಳೆಯನ .357 ಹೊಡೆದು ನೋಡಿದೆವು, ಅವಳಿಗೆ ಒದೆತ ಜಾಸ್ತಿ ಆಯಿತು. ಅಂಗಡಿಯಲ್ಲಿ ಹೊಸ ಸಿಂಗಲ್-ಸೆವೆನ್ ಬಂದಿದೆ. ಏಳು ತೋಟೆಯದು, .327 ಫೆಡರಲ್ ಮ್ಯಾಗ್ನಂ. ಕೈಗೆ ತಗೊಂಡರೆ ಕೆಳಗಿಡಲು ಮನಸ್ಸು ಬರುವುದಿಲ್ಲ. ತಗೊಂಡವರು ನಿಮ್ಮ ಮೊದಲ ಅನಿಸಿಕೆ ಹೇಳಿ. ಹೊಗಳಿಕೆ ಆಮೇಲೆ, ತೊಂದರೆ ಮೊದಲು.

ಹ್ಯೂಸ್ಟನ್‌ನಿಂದ:

ತೊಂದರೆ ಮೊದಲು ಅಂದರೆ ಸದ್ದು. ಒದೆತ .357ಕ್ಕಿಂತ ಕಡಿಮೆ, ಅದು ನಿಜ. ಅದಕ್ಕೇ ಇದು ಮೆತ್ತಗಿನ ರಿವಾಲ್ವರ್ ಅಂದುಕೊಂಡರೆ ಮೊದಲ ಹೊಡೆತಕ್ಕೇ ಬೆಚ್ಚಿ ಬೀಳುತ್ತೀರಿ. ಈ ತೋಟೆಯ ಒತ್ತಡದ ಮಿತಿ ಚದರ ಇಂಚಿಗೆ 45,000 ಪೌಂಡ್, .357ರದು 35,000. ನಳಿಗೆಯ ತೂತು ಸಣ್ಣದು, ಒತ್ತಡ ಜಾಸ್ತಿ. ಹಾಗಾಗಿ ಢಂ ಅನ್ನುವುದಿಲ್ಲ, ಚಟಾರ್ ಅನ್ನುತ್ತದೆ. ತಗಡಿನ ಸೂರಿನ ರೇಂಜ್‌ನಲ್ಲಿ ಆ ಚಟಾರ್ ಹಲ್ಲಿನ ತನಕ ಬರುತ್ತದೆ. ಕಿವಿಯೊಳಗೆ ಪ್ಲಗ್, ಅದರ ಮೇಲೆ ಮಫ್, ಎರಡೂ ಹಾಕಿಕೊಳ್ಳಿ. ನನ್ನ ಹೆಂಡತಿ ಒದೆತಕ್ಕೆ ತಲೆ ಕೆಡಿಸಿಕೊಳ್ಳಲೇ ಇಲ್ಲ. ಸದ್ದಿಗೆ ಮಾತ್ರ ಕಣ್ಣು ಮುಚ್ಚತೊಡಗಿದಳು, ಗುಂಡುಗಳೆಲ್ಲ ಗುರಿಯ ಕೆಳಗೆ ಬಿದ್ದವು.

ಅದಕ್ಕೆ ಮದ್ದೂ ಈ ರಿವಾಲ್ವರ್‌ನಲ್ಲೇ ಇದೆ. .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ಇದರಲ್ಲಿ ಹೋಗುತ್ತದೆ, .32 ಎಚ್ ಅಂಡ್ ಆರ್ ಮ್ಯಾಗ್ನಂ ಸಹ ಹೋಗುತ್ತದೆ. ಗುಂಡಿನ ದಪ್ಪ ಒಂದೇ, ಮದ್ದು ತುಂಬುವ ಕೇಸಿನ ಉದ್ದ ಮಾತ್ರ ಬೇರೆ. ಲಾಂಗ್ ಅನ್ನುವುದು 1896ರಷ್ಟು ಹಳೆಯದು, ಹೆಸರಿಗಷ್ಟೇ ಉದ್ದ, ಮೂರರಲ್ಲಿ ಅದೇ ಗಿಡ್ಡ. ಎಚ್ ಅಂಡ್ ಆರ್ 1984ರದು. .327 ಬಂದದ್ದು 2007-08ರ ಹೊತ್ತಿಗೆ, ಅದರ ಕೇಸು 1.2 ಇಂಚು. ಲಾಂಗ್ ಗುಂಡು ಸೆಕೆಂಡಿಗೆ 700 ಅಡಿ ಚಿಲ್ಲರೆ ವೇಗದಲ್ಲಿ ಹೋಗುತ್ತದೆ. 100 ಗ್ರೇನ್ ತೂಕದ ಗುಂಡಿರುವ ಅಮೆರಿಕನ್ ಈಗಲ್ ಬ್ರಾಂಡಿನ .327ಕ್ಕೆ ಕಂಪನಿ ಹೇಳುವ ವೇಗ 1500 ಅಡಿ. ಒಂದೇ ರಿವಾಲ್ವರ್‌ನಲ್ಲಿ ಇಷ್ಟು ಅಂತರ! ಮೊದಲು ಲಾಂಗ್ ಕೊಟ್ಟು ನೋಡಿ, ನಿಮ್ಮ ಮನೆಯವರು ನಗುತ್ತಾ ಹೊಡೆಯುತ್ತಾರೆ.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಲಾಂಗ್ ಹೊಡೆದಾದ ಮೇಲೆ ಸಿಲಿಂಡರ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ತೋಟೆ ಕೂರುವ ಏಳೂ ಮನೆಯೊಳಗೆ, ಗಿಡ್ಡ ಕೇಸಿನ ಬಾಯಿ ಮುಗಿಯುವ ಜಾಗದಲ್ಲಿ, ಮಸಿಯ ಒಂದೊಂದು ಉಂಗುರ ಕಾಣುತ್ತದೆ. ಅದು ಇರುವಾಗ ಉದ್ದದ ಮ್ಯಾಗ್ನಂ ತೋಟೆ ತಳ್ಳಿದರೆ ಪೂರ್ತಿ ಕೂರುವುದಿಲ್ಲ, ಅಂಚು ಸ್ವಲ್ಪ ಹೊರಗೇ ನಿಲ್ಲುತ್ತದೆ. ಹೆಬ್ಬೆರಳಲ್ಲಿ ಒತ್ತಿ ಕೂರಿಸಿದಿರೋ, ಹೊಡೆದ ಮೇಲೆ ಖಾಲಿ ಕೇಸು ಹೊರಗೆ ಬರಲು ಹಟ ಮಾಡುತ್ತದೆ. ಹಾಗಾಗಿ ಒಂದೇ ದಿನ ಎರಡೂ ಹೊಡೆಯುವುದಾದರೆ ಮ್ಯಾಗ್ನಂ ಮೊದಲು ಮುಗಿಸಿ, ಲಾಂಗ್ ಆಮೇಲೆ. ಮನೆಗೆ ಬಂದು ಸಾಲ್ವೆಂಟ್ ಅದ್ದಿದ ಕಂಚಿನ ಬ್ರಷ್ ಆಡಿಸಿದರೆ ಉಂಗುರ ಹೋಗುತ್ತದೆ.

ಕೆಲವರು .32 ಎಸಿಪಿ ಸಹ ತುರುಕುತ್ತಾರೆ. ಹಿಡಿಯುತ್ತದಂತೆ. ನಾನಂತೂ ಹಾಕುವುದಿಲ್ಲ.

ಕೊಲರಾಡೋದಿಂದ:

ನನ್ನದು 4⅝ ಇಂಚಿನ ನಳಿಗೆ. ಬೆಟ್ಟಕ್ಕೆ ಹೋಗುವಾಗ ಸೊಂಟದಲ್ಲಿ ಇಟ್ಟುಕೊಳ್ಳಲಿಕ್ಕೆ ತಗೊಂಡದ್ದು. ನಿಮ್ಮ ಹತ್ತಿರ ಸಿಂಗಲ್-ಸಿಕ್ಸ್ ಇದೆಯಲ್ಲ, ಹಾಗಿದ್ದರೆ ಅರ್ಧ ಉತ್ತರ ನಿಮ್ಮ ಕೈಗೇ ಗೊತ್ತು. ಚೌಕಟ್ಟು ಅದರದ್ದೇ ಗಾತ್ರ. ಪ್ರತಿ ಹೊಡೆತಕ್ಕೂ ಕುದುರೆ (ಹಿಂದಿನ ಸುತ್ತಿಗೆ) ಎಳೆಯಬೇಕು, ಖಾಲಿ ಕೇಸು ಒಂದೊಂದಾಗಿ ತಳ್ಳಬೇಕು. ಅವಸರದವರಿಗೆ ಇದು ಆಗಿಬರುವುದಿಲ್ಲ. ತೋಟೆ ತುಂಬುವ ಗೇಟ್ ತೆರೆದರೆ ಸಿಲಿಂಡರ್ ತಿರುಗುತ್ತದೆ, ಕುದುರೆ ಅರ್ಧಕ್ಕೆ ಎಳೆದಿಡುವ ಹಳೇ ಕಾಲದ ಕಥೆ ಇಲ್ಲ. 1973ರಿಂದ ರೂಗರ್‌ನ ಇಂಥ ಕುದುರೆ ಎಳೆದು ಹೊಡೆಯುವ ಸಿಂಗಲ್ ಆಕ್ಷನ್‌ಗಳಲ್ಲಿ ಟ್ರಾನ್ಸ್‌ಫರ್ ಬಾರ್ ಬಂದಿದೆ. ಟ್ರಿಗರ್ ಒತ್ತಿ ಹಿಡಿಯದೆ ಕುದುರೆಯ ಪೆಟ್ಟು ಪಿನ್ನಿಗೆ ಮುಟ್ಟುವುದಿಲ್ಲ. ಏಳೂ ತುಂಬಿಟ್ಟುಕೊಂಡು ನಡೆಯಬಹುದು. ಅಜ್ಜನ ಕಾಲದ ಹಳೇ ಮಾದರಿಯಾದರೆ ಕುದುರೆಯ ಕೆಳಗೆ ಒಂದು ಮನೆ ಖಾಲಿ ಬಿಡಲೇಬೇಕು, ಅದನ್ನೂ ಇದನ್ನೂ ಗೊಂದಲ ಮಾಡಿಕೊಳ್ಳಬೇಡಿ.

ಸ್ಟೇನ್‌ಲೆಸ್ ಆದ್ದರಿಂದ ಮಳೆ, ಬೆವರು ಚಿಂತೆ ಇಲ್ಲ. ಗಿಡ್ಡ ನಳಿಗೆಯಲ್ಲಿ ಹ್ಯೂಸ್ಟನ್‌ನವರು ಹೇಳಿದ ಚಟಾರ್ ಇನ್ನೂ ಜೋರು. ನೀವಿಬ್ಬರೂ ರೇಂಜ್‌ನಲ್ಲೇ ಹೊಡೆಯುವುದಾದರೆ 5½ ಇಂಚಿನದು ತಗೊಳ್ಳಿ, ಗುರಿ ಹಿಡಿಯುವುದೂ ಸುಲಭ. ಕರಡಿಗೆ ಸಾಕಾಗುತ್ತಾ ಅಂತ ಮಾತ್ರ ಯಾರೂ ಕೇಳಬೇಡಿ, ಆ ಜಗಳ ಮುಗಿಯುವುದೇ ಇಲ್ಲ.

ಓಹಾಯೋದಿಂದ:

ಇಬ್ಬರೂ ರಿವಾಲ್ವರ್ ಬಗ್ಗೆ ಹೇಳಿದರು. ನಿಜವಾದ ಪ್ರಶ್ನೆ ತೋಟೆಯದು. .22 ಹೊಡೆದು ಅಭ್ಯಾಸ ಆದವರಿಗೆ ಇದರ ಬೆಲೆ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಎಲ್ಲಾ ಅಂಗಡಿಯಲ್ಲೂ ಸಿಗುವುದಿಲ್ಲ. 2020ರ ಅಭಾವದಲ್ಲಿ .327 ಡಬ್ಬಿ ಕಣ್ಣಿಗೆ ಬಿದ್ದರೆ ಜನ ಫೋಟೊ ತೆಗೆದು ಹಂಚುತ್ತಿದ್ದರು! ನಾನು ಆಗಲೇ ಖಾಲಿ ಕೇಸಿಗೆ ಮತ್ತೆ ಮದ್ದು, ಗುಂಡು ತುಂಬುವ ರೀಲೋಡಿಂಗ್ ಪ್ರೆಸ್ ಇಟ್ಟುಕೊಂಡಿದ್ದೆ, ಬಚಾವ್.

ನೇರ ಗೋಡೆಯ ಕೇಸು, ಆದ್ದರಿಂದ ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚು ಕಾರ್ಬೈಡ್ ಡೈ ಆಗಿದ್ದರೆ ಎಣ್ಣೆ ಹಚ್ಚುವ ರಗಳೆ ಇಲ್ಲ. ಹೊಸ ಕೇಸು ಸ್ಟಾರ್‌ಲೈನ್ ಮಾಡುತ್ತದೆ. ಮದ್ದಿನ ಅಳತೆ ಮಾತ್ರ ಅಚ್ಚಾದ ಕೈಪಿಡಿ ನೋಡಿಯೇ ಹಾಕಿ, ಯಾರೋ ಹೇಳಿದ್ದು ಕೇಳಿ ಅಲ್ಲ. ನಾನು ಮಾಡಿಕೊಳ್ಳುವುದು ಹೆಚ್ಚಾಗಿ ನಡುವಿನ ಬಿಸಿಯದು, ಎಚ್ ಅಂಡ್ ಆರ್ ಶಕ್ತಿಯದು. ಅದನ್ನೂ ಉದ್ದದ .327 ಕೇಸಿನಲ್ಲೇ ತುಂಬುತ್ತೇನೆ. ಉಂಗುರದ ತಾಪತ್ರಯವೇ ಬರುವುದಿಲ್ಲ, ಅಲ್ವಾ?

ಇನ್ನೊಂದು. ನಿಧಾನದ ಭಾರದ ಗುಂಡು ಒಂದು ಕಡೆ ಬಿದ್ದರೆ ವೇಗದ ಹಗುರ ಗುಂಡು ಅದಕ್ಕಿಂತ ಕೆಳಗೆ ಬೀಳುತ್ತದೆ. ಇದು ಎಲ್ಲಾ ರಿವಾಲ್ವರ್‌ಗೂ ಇರುವ ಗುಣ. ಇದರಲ್ಲಿ ಶಕ್ತಿಯ ಅಂತರ ಇಷ್ಟು ಇರುವುದರಿಂದ ಎದ್ದು ಕಾಣುತ್ತದೆ. ಹಿಂದಿನ ಸೈಟ್ ಸ್ಕ್ರೂ ತಿರುಗಿಸಿ ಸರಿ ಮಾಡಬಹುದು. ಯಾವ ತೋಟೆಗೆ ಎಷ್ಟು ಕ್ಲಿಕ್ ಅಂತ ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಿ. ಇಲ್ಲದಿದ್ದರೆ ಪ್ರತಿ ಸಲ ಹೋದಾಗಲೂ ಅದೇ ಹುಡುಕಾಟ.

ನನ್ನ ಮಾತು ಇಷ್ಟೇ. ರೀಲೋಡ್ ಮಾಡುತ್ತೀರಾ, ಅಥವಾ .32 ಲಾಂಗ್ ಡಬ್ಬಿಗಳನ್ನು ಸಿಕ್ಕಾಗ ತಂದಿಡುತ್ತೀರಾ, ಕಣ್ಣು ಮುಚ್ಚಿ ತಗೊಳ್ಳಿ. ಎರಡೂ ಆಗುವುದಿಲ್ಲ ಅಂದರೆ .357 ತಗೊಂಡು ಅದರಲ್ಲಿ ಮೆತ್ತಗಿನ .38 ಸ್ಪೆಷಲ್ ಹೊಡೆಯಿರಿ. ಒದೆತದ ದೂರು ಹೋಗುತ್ತದೆ, ತೋಟೆಯೂ ಊರೆಲ್ಲ ಸಿಗುತ್ತದೆ.

ನ್ಯೂಜೆರ್ಸಿಯಿಂದ:

ಬೇರೆ ವಿಷಯ, ಆದರೆ ಹೇಳಲೇಬೇಕು. ಎಚ್-1ಬಿ ಥರದ ವೀಸಾದಲ್ಲಿ ಇರುವವರು ಇದನ್ನು ಓದಿ ಸೀದಾ ಅಂಗಡಿಗೆ ಹೋಗಬೇಡಿ. ಫೆಡರಲ್ ಕಾನೂನಿನ ಪ್ರಕಾರ ಬಂದೂಕು, ತೋಟೆ ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಹಸಿರು ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಅಂಗಡಿಯಲ್ಲಿ ತುಂಬುವ 4473 ಫಾರಂನಲ್ಲಿ ಇದನ್ನು ಕೇಳುತ್ತಾರೆ.

ರೇಂಜ್‌ಗೆ ಒಯ್ಯುವ ಬ್ಯಾಗನ್ನು ಊರಿಗೆ ಹೋಗುವಾಗ ತಗೊಂಡು ಹೋಗಬೇಡಿ. ಜಿಪ್ಪಿನ ಮೂಲೆಯಲ್ಲಿ ಒಂದೇ ಒಂದು ತೋಟೆ ಉಳಿದಿದ್ದರೂ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸಾಗುತ್ತದೆ. ಸುಮ್ನೆ ಮರೆತೆ ಅಂದರೆ ಅಲ್ಲಿಗೇ ಮುಗಿಯುವುದಿಲ್ಲ.

ಮಡಿಕೇರಿಯಿಂದ:

ನೀವು ಹೇಳುವ .32 ಲಾಂಗ್ ನಮಗೆ ಹೊಸದಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಹೊಡೆಯುವುದು ಇದನ್ನೇ. 2014ರಲ್ಲಿ ಹೆಂಗಸರಿಗೆ ಅಂತ ಬಂದ ನಿರ್ಭೀಕ್ ಸಹ ಇದೇ ಬೋರ್. ಅರ್ಧ ಕಿಲೋ ತೂಕ, ಬೆಲೆ ಆಗಲೇ ಲಕ್ಷಕ್ಕೂ ಮೇಲಿತ್ತು. ನಿಮ್ಮ ಸಿಂಗಲ್-ಸೆವೆನ್ ಹೆಚ್ಚು ಕಡಿಮೆ ಅದರ ಎರಡರಷ್ಟು ತೂಗುತ್ತದೆ. ಒದೆತ ಕಡಿಮೆ ಅನಿಸುವುದಕ್ಕೆ ಅದೂ ಒಂದು ಕಾರಣ. ಸ್ಪರ್ಧೆಯವರೂ ಇದನ್ನು ಬಿಟ್ಟಿಲ್ಲ. 25 ಮೀಟರ್ ಸೆಂಟರ್ ಫೈರ್ ಪಿಸ್ತೂಲಿನಲ್ಲಿ ಬಹಳ ಜನ ಹೊಡೆಯುವುದು .32ರ ಚಪ್ಪಟೆ ಮೂತಿಯ ವಾಡ್‌ಕಟರ್ ಗುಂಡು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಜಸ್ಪಾಲ್ ರಾಣಾ ಚಿನ್ನ ಗೆದ್ದ ಸ್ಪರ್ಧೆಗಳಲ್ಲಿ ಇದೂ ಒಂದು. ವಾಡ್‌ಕಟರ್ ಸಿಕ್ಕರೆ ಬಿಡಬೇಡಿ. ಕಾಗದದಲ್ಲಿ ತೂತು ಪಂಚ್ ಹೊಡೆದ ಹಾಗೆ ಗುಂಡಗೆ ಬೀಳುತ್ತದೆ, ಅಂಕ ಎಣಿಸಲು ಜಗಳವಿಲ್ಲ.

ಆಸ್ಟಿನ್‌ನಿಂದ ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ಹಸಿರು ಕಾರ್ಡ್ ಇದೆ, ಚಿಂತೆ ಇಲ್ಲ. 5½ ಇಂಚಿನದಕ್ಕೆ ಮುಂಗಡ ಕೊಟ್ಟೆ. ಅಂಗಡಿಯಲ್ಲಿ .327 ಎರಡೇ ಡಬ್ಬಿ ಇತ್ತು, ಎರಡೂ ಎತ್ತಿಕೊಂಡೆ. ಲಾಂಗ್ ಒಂದೂ ಇರಲಿಲ್ಲ. ಪ್ರೆಸ್ ಸದ್ಯಕ್ಕೆ ಬೇಡ, ಗ್ಯಾರೇಜಿನಲ್ಲಿ ಜಾಗ ಇಲ್ಲ.

ಓಹಾಯೋದಿಂದ:

ಎಲ್ಲರೂ ಮೊದಲು ಹಾಗೇ ಹೇಳುತ್ತಾರೆ. ಖಾಲಿ ಕೇಸು ಮಾತ್ರ ರೇಂಜ್‌ನಲ್ಲಿ ಬಿಟ್ಟು ಬರಬೇಡಿ. ಬೇಡ ಅಂದರೆ ನನಗೆ ಕೊಡಿ, ಅಂಚೆ ಖರ್ಚು ನನ್ನದು.