ಮಾಳಿಗೆ ಮೇಲೆ ನೀರಲ್ಲಿ ಪಲ್ಲೆ: ಬೇರು ಯಾಕೆ ಕೊಳೀತಿದೆ?

ಮಾಳಿಗೆತೋಟ (ವಿಜಯಪುರ): ಪಿವಿಸಿ ಪೈಪಿಗೆ ತೂತು ಹೊಡೆದು ಮೆಂತ್ಯ, ಪಾಲಕ್ ಹಚ್ಚಿದ್ದೇನೆ. ಮಣ್ಣಿಲ್ಲ, ಬರೀ ಗೊಬ್ಬರದ ನೀರು. ಜನವರಿಯಲ್ಲಿ ಚೆನ್ನಾಗಿ ಬಂತು. ಈಗ ಏಪ್ರಿಲ್ ಬಿಸಿಲಿಗೆ ಬೇರು ಕಂದಾಗಿ ಲೋಳೆ ಲೋಳೆ. ಬೆರಳಲ್ಲಿ ಎಳೆದರೆ ಮೇಲಿನ ಸಿಪ್ಪೆ ಕಳಚಿ ದಾರದಂಥ ಎಳೆ ಉಳಿಯುತ್ತದೆ. ವಾಸನೆ ಬೇರೆ. ಆರ್‌ಓ ಮಷಿನ್‌ನಿಂದ ಹೊರಗೆ ಹೋಗುವ ನೀರನ್ನೇ ಹಾಕುತ್ತೇನೆ, ಸುಮ್ನೆ ಗಟಾರಕ್ಕೆ ಯಾಕೆ ಬಿಡಬೇಕು ಅಂತ. ಏನು ಮಾಡಲಿ?

ಎರಿಹೊಲದವ (ಬಸವನ ಬಾಗೇವಾಡಿ): ಮಡಿ ಮಾಡಿ ಬೀಜ ಚೆಲ್ಲಿದರೆ ಮೆಂತ್ಯ ತಾನೇ ಏಳುತ್ತದೆ. ಅದಕ್ಕೂ ಪೈಪು, ಪಂಪು, ಕರೆಂಟು ಬೇಕಾ? ಎರಿ ಮಣ್ಣಿನ ಮೆಂತ್ಯವನ್ನು ರೊಟ್ಟಿ ಜೊತೆ ಹಸಿಯಾಗಿ ತಿಂದು ನೋಡಿ, ಆಮೇಲೆ ಮಾತಾಡೋಣ.

ಪೈಪ್‌ಮಾಸ್ತರ (ಬೆಳಗಾವಿ): ರುಚಿ ಆಮೇಲೆ. ಇದು ಬೇರು ಕೊಳೆ ರೋಗ, ಪಿಥಿಯಂ ಅನ್ನೋ ಬೂಷ್ಟಿನಂಥ ರೋಗಾಣುವಿನ ಕೆಲಸ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಬೇರಿಗೆ ಬೇಕಾಗುವುದು ಮಾತ್ರ ಜಾಸ್ತಿ. ಕೊಳೆತ ಗಿಡ ಕಿತ್ತು, ಪೈಪ್ ತೊಳೆದು, ಹೊಸ ನೀರು ತುಂಬಿ. ಟಾಕಿ ನೆರಳಿಗೆ ಸರಿಸಿ, ಪೈಪಿಗೆ ಬಿಳಿ ಬಣ್ಣ ಹೊಡೆಯಿರಿ, ಅಕ್ವೇರಿಯಂನ ಏರ್ ಪಂಪ್ ಹಾಕಿ. ನೀರು 25 ಡಿಗ್ರಿ ಆಸುಪಾಸಿನಲ್ಲಿರಲಿ. ಎಲ್ಲಕ್ಕಿಂತ ಮೊದಲು ಆ ಆರ್‌ಓ ವೇಸ್ಟ್ ನೀರು ನಿಲ್ಲಿಸಿ.

ಜಲನಗರದ ಅಕ್ಕ (ವಿಜಯಪುರ): ವೇಸ್ಟ್ ಅಂತೀರಲ್ಲ ಸರ್! ನಮ್ಮ ಮನೆಯಲ್ಲಿ ಅದೇ ನೀರಿಗೆ ಪುದೀನಾ ಕುಂಡ ತುಂಬಿ ಹೊರಗೆ ಚಾಚಿದೆ. ನೀರು ನಿಲ್ಲಿಸಿ ಅನ್ನುವವರು ಬೇಸಿಗೆಯಲ್ಲಿ ಒಮ್ಮೆ ಟ್ಯಾಂಕರ್ ದಾರಿ ಕಾಯಬೇಕು.

ಪೈಪ್‌ಮಾಸ್ತರ: ಅಕ್ಕಾರೆ, ಕುಂಡದಲ್ಲಿ ಮಣ್ಣಿದೆ, ಪೈಪಿನಲ್ಲಿಲ್ಲ. ಲೆಕ್ಕ ನೋಡಿ. ಟಿಡಿಎಸ್ ಅಂದರೆ ಒಂದು ಲೀಟರ್ ನೀರಲ್ಲಿ ಕರಗಿದ ಉಪ್ಪು ಎಷ್ಟು ಮಿಲಿಗ್ರಾಂ ಅಂತ. 800 ಟಿಡಿಎಸ್ ಬೋರ್ ನೀರು 3 ಲೀಟರ್ ಒಳಗೆ ಹೋಗಿ, 50ರ ನೀರು 1 ಲೀಟರ್ ಬಂತು ಅನ್ನಿ. ಹೊರಗೆ ಹೋದ 2 ಲೀಟರ್ 1175 ಆಗುತ್ತದೆ. ತೆಗೆದ ಉಪ್ಪೆಲ್ಲ ಅದರಲ್ಲೇ. ಇನ್ನು ಗೊಬ್ಬರ ಎಲ್ಲಿ ಹಾಕುತ್ತೀರಿ?

ಗುಮ್ಮಟನೋಟ (ವಿಜಯಪುರ): 1175 ಅಷ್ಟೇ ತಾನೇ? ಕುಡಿಯುವ ನೀರಿನ ಸರ್ಕಾರಿ ಮಾನದಂಡವೇ 2000ದ ತನಕ ಬಿಡುತ್ತದೆ. ಮನುಷ್ಯ ಕುಡಿಯಬಹುದು, ಪಾಲಕ್ ಕುಡಿಯಬಾರದಾ?

ಪೈಪ್‌ಮಾಸ್ತರ: ಅರ್ಧ ಓದಿ ಬರಬೇಡಿ. ಮಿತಿ 500. ಬೇರೆ ನೀರೇ ಸಿಗದಿದ್ದರೆ ಮಾತ್ರ 2000.

ಗುಮ್ಮಟನೋಟ: "ಸಿಗದಿದ್ದರೆ" ಅಂತ ನೀವೇ ಬರೆದಿರಿ. ಇಲ್ಲಿ ಸಿಗಲ್ಲ. ಮುಗೀತು.

ಪೈಪ್‌ಮಾಸ್ತರ: ಏನ್ರೀ ಮುಗೀತು? ಪಾಲಕ್ ಹೊಟ್ಟೆಗೆ ನಿಮ್ಮ ಹೊಟ್ಟೆ ಹೋಲಿಸುತ್ತೀರಾ? ಮಳೆ ನೀರು ಹಿಡಿದಿಡಿ, ಇಲ್ಲಾ ಶುದ್ಧ ನೀರು ಬೆರೆಸಿ.

ಜಲನಗರದ ಅಕ್ಕ: ಏಪ್ರಿಲ್‌ನಲ್ಲಿ ಮಳೆ ನೀರು! ಬೆಳಗಾವಿ ತಂಪಿನಲ್ಲಿ ಕೂತು ಹೇಳೋದು ಸುಲಭ. ನಾನು ಈಗಷ್ಟೇ ಅಳೆದೆ. ನಮ್ಮ ಮೀಟರ್‌ನಲ್ಲಿ ಆ ನೀರು 840. ನಿಮ್ಮ 1175 ಎಲ್ಲಿಂದ ಬಂತು?

ಪೈಪ್‌ಮಾಸ್ತರ: ನಾನು ಹೇಳಿದ್ದು ಉದಾಹರಣೆ. ಮೀಟರ್ ಟಿಡಿಎಸ್ ಅಳೆಯುವುದೇ ಇಲ್ಲ, ನೀರಲ್ಲಿ ಕರೆಂಟು ಎಷ್ಟು ಹರಿಯುತ್ತದೆ ಅಂತ ನೋಡುತ್ತದೆ. ಅದೇ ಇಸಿ. ಕೆಲವು ಮೀಟರ್ ಇಸಿಯನ್ನು 500ರಿಂದ ಗುಣಿಸುತ್ತವೆ, ಕೆಲವು 700ರಿಂದ. 500ರ ಮೀಟರ್‌ನಲ್ಲಿ 840 ಅಂದರೆ ಇಸಿ 1.68. ಅದೇ ನೀರು 700ರ ಮೀಟರ್‌ನಲ್ಲಿ 1176! ಸೊಪ್ಪಿಗೆ ಒಟ್ಟು ಇಸಿ 1.2ರಿಂದ 1.8 ಇರಬೇಕು. ಗೊಬ್ಬರದ ಒಂದು ಚಮಚ ಹಾಕುವ ಮೊದಲೇ ನಿಮ್ಮ ಟಾಕಿ ತುಂಬಿದೆ. ಅದೂ ಬೇಕಾದ ಉಪ್ಪಲ್ಲ.

ಗುಮ್ಮಟನೋಟ: ಅಂದರೆ ಮೀಟರ್‌ನ ಮೇಲೆ ಭರವಸೆ ಇಲ್ಲ ಅಂತ ಒಪ್ಪಿದಿರಿ.

ಪೈಪ್‌ಮಾಸ್ತರ: ಎಲ್ಲಿ ಒಪ್ಪಿದೆ? ಕಣ್ಣು ತೆರೆದು ಓದಿ ಸ್ವಾಮಿ.

ಮಾಳಿಗೆತೋಟ: ಟಾಕಿ ನೆರಳಿಗೆ ಇಟ್ಟೆ. ಮಧ್ಯಾಹ್ನ ನೀರು ಇನ್ನೂ 31 ಡಿಗ್ರಿ. ಬೇರಿನ ಬಗ್ಗೆ ಯಾರಾದರೂ ಹೇಳ್ತೀರಾ?

ಓದುಗ (ಬಾಗಲಕೋಟೆ): ಧೈರ್ಯ ಬಿಡಬೇಡಿ. ಇದು ಹೊಸ ಹುಚ್ಚೇನೂ ಅಲ್ಲ. 1930ರ ದಶಕದಲ್ಲೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೆರಿಕೆ ನೀರಲ್ಲಿ ಟೊಮೆಟೊ ಬೆಳೆದು ತೋರಿಸಿದರು. ಹೈಡ್ರೋಪೋನಿಕ್ಸ್ ಅನ್ನೋ ಹೆಸರು ಬಳಕೆಗೆ ತಂದವರೂ ಅವರೇ.

ಎರಿಹೊಲದವ: ಅದೇ ವಿಶ್ವವಿದ್ಯಾಲಯದ ಹೋಗ್ಲಂಡ್, ಆರ್ನನ್ 1938ರಲ್ಲಿ ಏನು ಬರೆದರು, ಅದನ್ನೂ ಹೇಳಿ. ಒಳ್ಳೆ ಮಣ್ಣಿಗಿಂತ ನೀರಲ್ಲಿ ಇಳುವರಿ ಜಾಸ್ತಿ ಏನಿಲ್ಲ ಅಂತ. ಎರಿ ಮಣ್ಣು ಇದ್ದೂ ಪೈಪಿಗೆ ದುಡ್ಡು ಸುರಿಯೋದು ಯಾವ ಲೆಕ್ಕ?

ಓದುಗ: "ಒಳ್ಳೆ ಮಣ್ಣಿಗಿಂತ" ಅಂದರಲ್ಲ, ಮಾಳಿಗೆ ಮೇಲೆ ಎಲ್ಲಿದೆ ಒಳ್ಳೆ ಮಣ್ಣು? ಸ್ಲ್ಯಾಬ್ ಮೇಲೆ ಎರಿ ಹಾಕಿ ನೀರುಣಿಸಿ, ಭಾರಕ್ಕೆ ಏನಾಗುತ್ತದೆ ನೋಡಿ.

ಪೈಪ್‌ಮಾಸ್ತರ: ಮಾಳಿಗೆತೋಟ ಅವರೇ, ಬಾಟಲಿಯಲ್ಲಿ ನೀರು ಗಡ್ಡೆ ಕಟ್ಟಿಸಿ ಮಧ್ಯಾಹ್ನ ಟಾಕಿಯಲ್ಲಿ ಬಿಡಿ, ಮುಚ್ಚಳ ಬಿಗಿ ಇರಲಿ. ಮೇ ಮುಗಿಯುವ ತನಕ ಪಾಲಕ್ ಬಿಡಿ, ರಾಜಗಿರಿ ಹಾಕಿ, ಅದು ಬಿಸಿಲು ತಡೆಯುತ್ತದೆ. ಅಕ್ಕಾರೆ, ನಿಮ್ಮ ಮೀಟರ್ 500ರದ್ದೋ 700ರದ್ದೋ? ಡಬ್ಬಿ ಮೇಲೆ ಬರೆದಿರುತ್ತದೆ.

ಜಲನಗರದ ಅಕ್ಕ: ಡಬ್ಬಿ ಯಾವಾಗಲೋ ರದ್ದಿಗೆ ಹೋಯಿತು. ಮೀಟರ್ ತಂದುಕೊಟ್ಟವನು ನಮ್ಮ ಹುಡುಗ. ನಿಮ್ಮ ಬೆಳಗಾವಿಯಲ್ಲೇ ಇಂಜಿನಿಯರಿಂಗ್ ಓದಿದವನು ಸರ್, ಅವನಿಗೇ ಪಾಠ ಹೇಳಿ.