ಸಹಾಯ ಬೇಕು: ಸ್ಕ್ರಿಪ್ಟ್ ಮೂಲಕ ವಿಂಡೋಗಳ ಜೋಡಣೆ

ಎಲ್ಲರಿಗೂ ನಮಸ್ಕಾರ. ಲಿನಕ್ಸ್‌ನ ಎಕ್ಸ್11 (ವಿಂಡೋಗಳನ್ನು ಪರದೆಯಲ್ಲಿ ತೋರಿಸುವ ವ್ಯವಸ್ಥೆ) ಪರಿಸರದಲ್ಲಿ, ಪರದೆಯ ಎಡ ಅರ್ಧಕ್ಕೆ ಬ್ರೌಸರ್, ಬಲ ಅರ್ಧಕ್ಕೆ ಟರ್ಮಿನಲ್ ತಾನಾಗಿಯೇ ಬಂದು ನಿಲ್ಲುವಂತೆ ವಿಂಡೋಗಳನ್ನು ನಿಯಂತ್ರಿಸುವ ಡಬ್ಲ್ಯುಎಂಸಿಟಿಆರ್‌ಎಲ್ (wmctrl) ಕಮಾಂಡ್ ಬಳಸಿ ಒಂದು ಬ್ಯಾಶ್ ಸ್ಕ್ರಿಪ್ಟ್ (ಸಾಲಾಗಿ ನಡೆಯುವ ಕಮಾಂಡ್‌ಗಳ ಕಡತ) ಬರೆದಿದ್ದೇನೆ. ಮ್ಯಾಕ್ಸಿಮೈಸ್ ಆಗಿರುವ ವಿಂಡೋ ಜಾಗ ಬದಲಿಸದ ಕಾರಣ ಮೊದಲು ಆ ಸ್ಥಿತಿಯನ್ನು ತೆಗೆದು, ಆಮೇಲೆ ಸ್ಥಾನ, ಅಗಲ, ಎತ್ತರಗಳನ್ನು ಕೊಡುತ್ತಿದ್ದೇನೆ, ಅಷ್ಟು ಸರಿಯಾಗಿದೆ. ತೊಂದರೆಯೆಂದರೆ, ಬ್ರೌಸರ್ ತೆರೆದುಕೊಳ್ಳುವ ಮೊದಲೇ ಜೋಡಿಸುವ ಕಮಾಂಡ್ ಮುಗಿದುಹೋಗುತ್ತದೆ. 5 ಸೆಕೆಂಡಿನ ಸ್ಲೀಪ್ (ಸ್ಕ್ರಿಪ್ಟನ್ನು ಅಷ್ಟು ಹೊತ್ತು ತಡೆದು ನಿಲ್ಲಿಸುವ ಕಮಾಂಡ್) ಕೆಲವೊಮ್ಮೆ ಸಾಲುತ್ತದೆ, ಕೆಲವೊಮ್ಮೆ ಸಾಲುವುದಿಲ್ಲ. ಊಹೆಯನ್ನು ನಂಬಿದ ಇಂಥ ಪರಿಹಾರ ನನಗೆ ಒಪ್ಪಿಗೆಯಿಲ್ಲ. ವಿಂಡೋಗಳನ್ನು ನಿಯಂತ್ರಿಸುವ ಇನ್ನೊಂದು ಉಪಕರಣವಾದ ಎಕ್ಸ್‌ಡುಟೂಲ್‌ನ (xdotool) ಸರ್ಚ್‌ಗೆ ಸಿಂಕ್ ಆಯ್ಕೆ ಸೇರಿಸಿದರೆ ವಿಂಡೋ ಸಿಗುವವರೆಗೆ ಅದು ಕಾಯುತ್ತದೆ, ನಿಜ. ಆದರೆ ಅದೇ ಬ್ರೌಸರ್‌ನ ಹಳೆಯ ವಿಂಡೋ ಮೊದಲೇ ತೆರೆದಿದ್ದರೆ ಅದನ್ನೇ ಹಿಡಿದುಬಿಡುತ್ತದೆ. ಹೊಸ ವಿಂಡೋವನ್ನಷ್ಟೇ ಗುರುತಿಸುವ ಖಚಿತ ವಿಧಾನವನ್ನು, ಸಾಧ್ಯವಾದರೆ ಸ್ಕ್ರಿಪ್ಟ್‌ನ ಸಾಲುಗಳ ಸಮೇತ, ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕೆಂದು ಕೋರುತ್ತೇನೆ.