ಯಾದಗಿರಿಯಲ್ಲಿ ಹಾವು ಕಡಿತದ ಬಗ್ಗೆ 15 ನಿಮಿಷದ ಟಾಕ್ ಇದೆ, ಪಿಪಿಟಿ ಹೇಗೆ ಮಾಡಲಿ?

ಪಿಜಿ_ಕಲಬುರಗಿ ಕೇಳಿದ್ದು:

ಎಲ್ಲರಿಗೂ ಶರಣು. ನಾನು ಕಲಬುರಗಿಯಲ್ಲಿ ಜನರಲ್ ಮೆಡಿಸಿನ್ ಪಿಜಿ ಮಾಡುತ್ತಿದ್ದೇನೆ. ಮುಂದಿನ ತಿಂಗಳು ಯಾದಗಿರಿಯಲ್ಲಿ ಒಂದು ಸಿಎಂಇ (ವೈದ್ಯಕೀಯ ಸಿಬ್ಬಂದಿಯ ಮುಂದುವರಿದ ಕಲಿಕೆಯ ಸಭೆ) ಇದೆ. ಅದರಲ್ಲಿ ಹಾವು ಕಡಿತದ ಚಿಕಿತ್ಸೆ ಬಗ್ಗೆ ನಾನು ಮಾತಾಡಬೇಕು. 15 ನಿಮಿಷ ಮಾತು, 5 ನಿಮಿಷ ಪ್ರಶ್ನೆ. ಪಿಎಚ್‌ಸಿ ಮತ್ತು ತಾಲ್ಲೂಕು ಆಸ್ಪತ್ರೆ ಡಾಕ್ಟರ್‌ಗಳು, ಸ್ಟಾಫ್ ನರ್ಸ್‌ಗಳು ಬರುತ್ತಾರೆ.

ಸೀನಿಯರ್ ಒಬ್ಬರು ತಮ್ಮ ಹಳೇ ಪಿಪಿಟಿ ಕೊಟ್ಟಿದ್ದಾರೆ. ಅದರಲ್ಲಿ 58 ಸ್ಲೈಡ್ ಇವೆ, ಒಂದೊಂದರಲ್ಲೂ ಪುಸ್ತಕದ ಪುಟದ ಹಾಗೆ ಅಕ್ಷರ ತುಂಬಿದೆ. ಎಲ್ಲವೂ ಬೇಕಾದ ವಿಷಯವೇ ಅನಿಸುತ್ತದೆ, ಏನು ತೆಗೆಯಬೇಕು ಗೊತ್ತಾಗುತ್ತಿಲ್ಲ. ಸ್ಲೈಡ್ ಇಂಗ್ಲಿಷ್‌ನಲ್ಲಿ ಇರಬೇಕಾ ಕನ್ನಡದಲ್ಲಿ ಇರಬೇಕಾ ಅನ್ನುವುದೂ ತಿಳಿಯುತ್ತಿಲ್ಲ. ಈ ಭಾಗದಲ್ಲಿ ಇಂಥ ಟಾಕ್ ಕೊಟ್ಟವರು, ಕೇಳಿದವರು ದಯವಿಟ್ಟು ಹೇಳಿ.

ತೊಗರಿ_ಕಣಜ:

ತಮ್ಮಾ, ಮೊದಲು ಆ 58 ಸ್ಲೈಡ್ ಮುಚ್ಚಿಡು. ಬೇರೆಯವರ ಪಿಪಿಟಿ ಕತ್ತರಿಸುತ್ತಾ ಕೂತರೆ ಅವರ ಟಾಕ್ ಆಗುತ್ತದೆ, ನಿನ್ನದು ಆಗುವುದಿಲ್ಲ. ಒಂದು ಹಾಳೆ ತಗೊಂಡು ಬರಿ: ಟಾಕ್ ಕೇಳಿ ಹೋದ ಡಾಕ್ಟರ್ ಅಂದು ರಾತ್ರಿ 2 ಗಂಟೆಗೆ ಪಿಎಚ್‌ಸಿಯಲ್ಲಿ ಇದ್ದಾಗ ಹೊಲದಿಂದ ಒಬ್ಬರನ್ನು ಕರೆತಂದರೆ ಅವರು ಏನು ಬೇರೆ ಮಾಡಬೇಕು? ಅದಕ್ಕೆ ಉತ್ತರ ಮೂರೋ ನಾಲ್ಕೋ ಸಾಲು ಬರುತ್ತದೆ. ಅಷ್ಟೇ ನಿನ್ನ ಟಾಕ್.

ನನ್ನ ಪ್ರಕಾರ ಆ ಸಾಲುಗಳು ಇವು. ವಿಷ ಏರಿದೆಯಾ ಇಲ್ಲವಾ ಅಂತ ಗುರುತಿಸುವುದು. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸರಿಯಾಗಿ ಮಾಡುವುದು. ವಿಷ ಏರಿದ ಲಕ್ಷಣ ಇದ್ದರೆ ತಡ ಮಾಡದೆ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಶುರು ಮಾಡುವುದು, ಅದರ ರಿಯಾಕ್ಷನ್‌ಗೆ ತಯಾರಿರುವುದು. ಆಮೇಲೆ ಯಾವಾಗ ರೆಫರ್ ಮಾಡಬೇಕು ಅನ್ನುವುದು. ಹಾವುಗಳ ವರ್ಗೀಕರಣ, ವಿಷದ ಕಿಣ್ವಗಳು, ಜಗತ್ತಿನ ಅಂಕಿಸಂಖ್ಯೆ, ಎಲ್ಲ ಬಿಡು. ಪರೀಕ್ಷೆಗೆ ಓದುವವರಿಗೆ ಅವು ಬೇಕು, ಇವರಿಗೆ ಬೇಡ. ನಮ್ಮ ದೇಶದ ಎಎಸ್‌ವಿ ನಾಲ್ಕು ಹಾವುಗಳ ವಿಷಕ್ಕೆ ಕೆಲಸ ಮಾಡುತ್ತದೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಅದಕ್ಕೆ ನಾಲ್ಕು ಫೋಟೋ ಇರುವ ಒಂದೇ ಸ್ಲೈಡ್ ಸಾಕು.

15 ನಿಮಿಷಕ್ಕೆ 12 ಸ್ಲೈಡ್ ಮೇಲೆ ಹೋಗಬೇಡ. ಒಂದು ಸ್ಲೈಡ್‌ಗೆ ಒಂದೇ ಮಾತು. ತಲೆಬರಹದ ಜಾಗದಲ್ಲಿ 'ರೋಗನಿರ್ಣಯ' ಅಂತ ಸುಮ್ನೆ ಒಂದು ಪದ ಹಾಕುವ ಬದಲು ಹೇಳಬೇಕಾದ ಮಾತನ್ನೇ ಹಾಕು: 'ರಕ್ತ 20 ನಿಮಿಷದಲ್ಲಿ ಹೆಪ್ಪುಗಟ್ಟದಿದ್ದರೆ ಎಎಸ್‌ವಿ ಶುರು ಮಾಡಿ'. ಕೆಳಗೆ ಎರಡು ಗಾಜಿನ ಟ್ಯೂಬ್‌ಗಳ ಫೋಟೋ, ಒಂದರಲ್ಲಿ ಹೆಪ್ಪುಗಟ್ಟಿದ ರಕ್ತ, ಇನ್ನೊಂದರಲ್ಲಿ ನೀರಿನ ಹಾಗೆ ಹರಿಯುವ ರಕ್ತ. ಅಷ್ಟು ನೋಡಿದರೆ ಹಿಂದಿನ ಸಾಲಿನವರಿಗೂ ತಿಳಿಯುತ್ತದೆ. ಉಳಿದದ್ದನ್ನು ನೀನು ಬಾಯಲ್ಲಿ ಹೇಳು: 2 ಮಿಲಿ ತಾಜಾ ರಕ್ತ, ಒಣಗಿದ ಸ್ವಚ್ಛ ಗಾಜಿನ ಟ್ಯೂಬ್, ಪ್ಲಾಸ್ಟಿಕ್ ಬೇಡ, ಸೋಪಿನ ಪುಡಿ ಹಾಕಿ ತೊಳೆದದ್ದೂ ಬೇಡ, 20 ನಿಮಿಷ ಅಲುಗಾಡಿಸಬಾರದು.

ಭಾಷೆ ವಿಷಯಕ್ಕೆ ಬಂದರೆ ಸ್ಲೈಡ್ ಇಂಗ್ಲಿಷ್‌ನಲ್ಲಿ ಇರಲಿ, ಮಾತು ಕನ್ನಡದಲ್ಲಿ ಇರಲಿ. ಔಷಧಿ ಹೆಸರು, ಡೋಸ್ ಎಲ್ಲ ಇಂಗ್ಲಿಷ್‌ನಲ್ಲೇ ನಮಗೆ ರೂಢಿ.

ವಾರ್ಡ್_ಸಿಸ್ಟರ್_ಬೀದರ್:

ಸರ್ ಹೇಳಿದ್ದರಲ್ಲಿ ಕೊನೆಯ ಮಾತು ನಾನು ಒಪ್ಪುವುದಿಲ್ಲ, ಬೇಜಾರಾಗಬೇಡಿ. ಇಂಥ ಸಭೆಗಳಲ್ಲಿ ಅರ್ಧದಷ್ಟು ಜನ ನಾವು ನರ್ಸ್‌ಗಳೇ ಇರುತ್ತೇವೆ. ಎಎಸ್‌ವಿ ಕರಗಿಸುವವರು ನಾವು, ಡ್ರಿಪ್ ಪಕ್ಕ ನಿಂತು ನೋಡುವವರು ನಾವು. ಸ್ಪೀಕರ್ ಕನ್ನಡದಲ್ಲಿ ಮಾತಾಡುತ್ತಾರೆ, ಪರದೆ ಮೇಲೆ ಉದ್ದುದ್ದ ಇಂಗ್ಲಿಷ್ ವಾಕ್ಯ ಇರುತ್ತದೆ. ಓದಬೇಕಾ ಕೇಳಬೇಕಾ? ಎರಡೂ ಆಗುವುದಿಲ್ಲ. ಬೀದರ್ ಕಡೆ ಅಂತೂ ಮನೆಯಲ್ಲಿ ಉರ್ದು, ಮರಾಠಿ, ತೆಲುಗು ಮಾತಾಡುವವರೂ ಇದ್ದಾರೆ, ಅವರಿಗೆಲ್ಲ ಚಿಕ್ಕ ಕನ್ನಡ ವಾಕ್ಯ ಮತ್ತು ಒಳ್ಳೆ ಚಿತ್ರ ಇದ್ದರೆ ಸಾಕು.

ಮಾಡಬೇಕಾದ ಕೆಲಸ ಕನ್ನಡದಲ್ಲಿ ಬರೆಯಿರಿ. ಔಷಧಿ ಹೆಸರು ಮಾತ್ರ ವೈಯಲ್ (ಔಷಧಿಯ ಚಿಕ್ಕ ಬಾಟಲಿ) ಮೇಲೆ ಹೇಗಿದೆಯೋ ಹಾಗೇ ಬರೆಯಿರಿ. ಡೋಸ್‌ಗೆ ಕನ್ನಡ ಅಂಕಿ ಹಾಕಬೇಡಿ, ೬ ಮತ್ತು ೯ ದೂರದಿಂದ ಒಂದೇ ತರ ಕಾಣುತ್ತವೆ. ಡೋಸ್‌ನಲ್ಲಿ ಅಂಥ ಗೊಂದಲಕ್ಕೆ ಜಾಗವೇ ಇರಬಾರದು.

ಇನ್ನೊಂದು ವಿನಂತಿ. ಡೋಸ್ ಇರುವ ಸ್ಲೈಡ್ ಬಂದ ಕೂಡಲೇ ಎಲ್ಲರೂ ಮೊಬೈಲ್ ಎತ್ತಿ ಫೋಟೋ ತೆಗೆಯುತ್ತಾರೆ, ಅಷ್ಟರಲ್ಲಿ ಸ್ಪೀಕರ್ ಮುಂದಕ್ಕೆ ಹೋಗಿರುತ್ತಾರೆ. ಅದರ ಬದಲು ಒಂದು ಪುಟದ ಹಾಳೆ ಮಾಡಿ ಜೆರಾಕ್ಸ್ ಹಂಚಿ. ಮೊದಲ ಡೋಸ್ 8ರಿಂದ 10 ವೈಯಲ್, ಮಕ್ಕಳಿಗೂ ಅಷ್ಟೇ. ರಿಯಾಕ್ಷನ್ ಆದರೆ ದೊಡ್ಡವರಿಗೆ ಅಡ್ರಿನಲಿನ್ 0.5 ಮಿಗ್ರಾಂ ತೊಡೆಯ ಸ್ನಾಯುವಿಗೆ. ಮಕ್ಕಳಿಗೆ ತೂಕದ ಲೆಕ್ಕ, ಕಿಲೋಗೆ 0.01 ಮಿಗ್ರಾಂ. ಇದಿಷ್ಟು ಆ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಇದ್ದರೆ ನಾವು ಎಮರ್ಜೆನ್ಸಿ ಟ್ರಾಲಿ ಮೇಲೆ ಅಂಟಿಸುತ್ತೇವೆ. 'ಮಕ್ಕಳಿಗೂ ಅಷ್ಟೇ' ಅನ್ನುವುದನ್ನು ಟಾಕ್‌ನಲ್ಲೂ ನಿಧಾನವಾಗಿ ಹೇಳಿ. ಮಗು ಚಿಕ್ಕದು, ಡೋಸೂ ಚಿಕ್ಕದು ಅಂತ ಅಂದುಕೊಳ್ಳುವವರು ಇನ್ನೂ ಇದ್ದಾರೆ.

ಹಾಲ್_ಆಪರೇಟರ್:

ನಾನು ಡಾಕ್ಟರ್ ಅಲ್ಲ. ಕಲಬುರಗಿ, ಯಾದಗಿರಿ ಕಡೆ ಕಾರ್ಯಕ್ರಮಗಳಿಗೆ ಪ್ರೊಜೆಕ್ಟರ್, ಸೌಂಡ್ ನೋಡಿಕೊಳ್ಳುತ್ತೇನೆ. ಡಾಕ್ಟರ್‌ಗಳ ಟಾಕ್ ಕೆಡುವುದನ್ನು ಹತ್ತಿರದಿಂದ ನೋಡಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಕನ್ನಡ ಸ್ಲೈಡ್ ಅಂದರೆ ಮೊದಲ ಸಮಸ್ಯೆ ಫಾಂಟ್. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿ ತಂದರೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಫಾಂಟ್ ಜೊತೆಗೇ ಬರುತ್ತದೆ, ಅದನ್ನು ಬಳಸಿದರೆ ಚಿಂತೆ ಕಡಿಮೆ. ಬೇರೆ ಫಾಂಟ್ ಬೇಕೇ ಬೇಕು ಅಂದರೆ ಪವರ್‌ಪಾಯಿಂಟ್‌ನ ಆಪ್ಷನ್ಸ್‌ನಲ್ಲಿ ಸೇವ್ ಅನ್ನುವ ಕಡೆ ಫಾಂಟನ್ನು ಫೈಲ್‌ನೊಳಗೇ ಸೇರಿಸುವ ಟಿಕ್ ಇದೆ, ಅದನ್ನು ಹಾಕಿ. ಕನ್ನಡಕ್ಕೆ ಸಾಲುಗಳ ನಡುವೆ ಜಾಸ್ತಿ ಜಾಗ ಕೊಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರ 28ಕ್ಕಿಂತ ಚಿಕ್ಕದು ಬೇಡ, ಇನ್ನೂ ದೊಡ್ಡದಿದ್ದರೆ ಒಳ್ಳೆಯದು.

ಬೆಳಕಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಹಗಲು ಕಾರ್ಯಕ್ರಮ, ಹೊರಗೆ ನಮ್ಮ ಕಡೆಯ ಬಿಸಿಲು, ಕಿಟಕಿಗೆ ತೆಳ್ಳನೆ ಪರದೆ ಇದ್ದರೆ ಕಡುನೀಲಿ ಹಿನ್ನೆಲೆ ಮೇಲೆ ಹಳದಿ ಅಕ್ಷರ ಹಾಕಿದ್ದು ಏನೂ ಕಾಣುವುದಿಲ್ಲ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ ಇರಲಿ. ಕೆಂಪು ಹಸಿರು ಬಣ್ಣದಿಂದ ಮಾತ್ರ ವ್ಯತ್ಯಾಸ ತೋರಿಸಬೇಡಿ, ಆ ಎರಡು ಬಣ್ಣ ಬೇರೆ ಅಂತ ಗೊತ್ತಾಗದವರು ಪ್ರತಿ ಸಭೆಯಲ್ಲೂ ಒಬ್ಬಿಬ್ಬರು ಇರಬಹುದು. ಹಾಲ್‌ನವರಿಗೆ ಮೊದಲೇ ಫೋನ್ ಮಾಡಿ ಪರದೆ 16:9 ಇದೆಯಾ ಹಳೇ 4:3 ಇದೆಯಾ ಕೇಳಿ. ಎಲ್‌ಇಡಿ ವಾಲ್ ಇದ್ದರೆ ಕೈಯ ಲೇಸರ್ ಅದರ ಮೇಲೆ ಸರಿಯಾಗಿ ಕಾಣುವುದಿಲ್ಲ. ಆಗ ಸ್ಲೈಡ್ ಶೋ ನಡೆಯುವಾಗ ಕಂಟ್ರೋಲ್ ಕೀ ಒತ್ತಿ ಹಿಡಿದು ಮೌಸ್‌ನ ಎಡ ಬಟನ್ ಒತ್ತಿ, ಕೆಂಪು ಚುಕ್ಕೆ ಬರುತ್ತದೆ.

ಫೈಲ್ ಪೆನ್‌ಡ್ರೈವ್‌ನಲ್ಲಿ ತನ್ನಿ, ಒಂದು ಕಾಪಿ ಮೇಲ್‌ನಲ್ಲಿ ಇರಲಿ, ಜೊತೆಗೆ ಪಿಡಿಎಫ್ ಕೂಡ. ಪಿಡಿಎಫ್‌ನಲ್ಲಿ ವಿಡಿಯೋ ಓಡುವುದಿಲ್ಲ, ಆದರೆ ಅಕ್ಷರ ಕೆಡುವುದಿಲ್ಲ. ಲ್ಯಾಪ್‌ಟಾಪ್ ನಿಮ್ಮದೇ ಆದರೆ ವಾಟ್ಸಾಪ್ ವೆಬ್ ಮುಚ್ಚಿಬಿಡಿ. ಮತ್ತೆ, ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತದೆ, ಪ್ರೊಜೆಕ್ಟರ್ ಆರಿಹೋಗುತ್ತದೆ. ಲ್ಯಾಂಪ್ ಇರುವ ಪ್ರೊಜೆಕ್ಟರ್ ತಣ್ಣಗಾಗಿ ಮತ್ತೆ ಹೊತ್ತಿಕೊಳ್ಳಲು ಕೆಲವು ನಿಮಿಷ ಬೇಕು. ಅಷ್ಟು ಹೊತ್ತು ಸ್ಲೈಡ್ ಇಲ್ಲದೆ ಮಾತು ಮುಂದುವರಿಸುವಷ್ಟು ತಯಾರಿ ಇರಲಿ.

ಪಿಜಿ_ಕಲಬುರಗಿ:

ತುಂಬಾ ಥ್ಯಾಂಕ್ಸ್ ರೀ ಎಲ್ಲರಿಗೂ. ಸಿಸ್ಟರ್, ಆ ಒಂದು ಪುಟದ ಹಾಳೆ ಖಂಡಿತ ಮಾಡುತ್ತೇನೆ. ಇನ್ನೊಂದು ಸಂಶಯ. ಕಟ್ಟುಹಾವು ಕಡಿದ ಒಬ್ಬ ರೋಗಿಯ ರೆಪ್ಪೆ ಜೋತುಬಿದ್ದಿರುವ ವಿಡಿಯೋ ನನ್ನ ಫೋನ್‌ನಲ್ಲಿದೆ. ನೆಲದ ಮೇಲೆ ಮಲಗಿದ್ದವರು, ಬೆಳಿಗ್ಗೆ ಹೊಟ್ಟೆನೋವು ಅಂತ ಬಂದರು, ಕಡಿದ ಗುರುತೂ ಸರಿಯಾಗಿ ಇರಲಿಲ್ಲ. ಈ ಕೇಸ್ ತೋರಿಸಿದರೆ ಎಲ್ಲರಿಗೂ ಮನಸ್ಸಿನಲ್ಲಿ ಉಳಿಯುತ್ತದೆ ಅನಿಸುತ್ತದೆ. ತೋರಿಸುವಾಗಲೂ ಅವರ ಒಪ್ಪಿಗೆ ಪಡೆದೇ ಹೋಗಬೇಕು ಅಂತ ಗೊತ್ತು, ಆದರೆ ಕಣ್ಣಿಗೆ ಕಪ್ಪು ಪಟ್ಟಿ ಹಾಕಿದರೆ ತೋರಿಸಬೇಕಾದದ್ದೇ ಮುಚ್ಚಿಹೋಗುತ್ತದೆ ಅಲ್ವಾ?

ರೇಡಿಯಾಲಜಿ_ಬೀದರ್:

ಒಳ್ಳೆ ಪ್ರಶ್ನೆ. ಕಣ್ಣಿನ ಮೇಲಿನ ಕಪ್ಪು ಪಟ್ಟಿಯಿಂದ ಗುರುತು ಮರೆಯಾಗುತ್ತದೆ ಅನ್ನುವುದೇ ತಪ್ಪು ನಂಬಿಕೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮಗಳಲ್ಲೂ ಕಣ್ಣು ಮಾತ್ರ ಮುಚ್ಚಿದರೆ ಸಾಲದು ಅಂತ ಸ್ಪಷ್ಟವಾಗಿ ಇದೆ. ಯಾದಗಿರಿಯಂಥ ಕಡೆ ಸಭೆಯಲ್ಲಿ ಕೂತವರಲ್ಲಿ ಯಾರೋ ಒಬ್ಬರಿಗೆ ಆ ರೋಗಿಯ ಊರು, ಮನೆ ಗೊತ್ತಿರುತ್ತದೆ. ಆದ್ದರಿಂದ ಬರಹದ ಒಪ್ಪಿಗೆ ಬೇಕೇ ಬೇಕು. ಅವರು ಓದುವ ಭಾಷೆಯಲ್ಲಿ ಬರೆಯಿರಿ, ಓದು ಬರದಿದ್ದರೆ ಮನೆಯವರೊಬ್ಬರ ಮುಂದೆ ಓದಿ ಹೇಳಿ. 'ಡಾಕ್ಟರ್‌ಗಳ ಸಭೆಯಲ್ಲಿ ದೊಡ್ಡ ಪರದೆ ಮೇಲೆ ನಿಮ್ಮ ಮುಖ ತೋರಿಸುತ್ತೇವೆ, ಜನ ಮೊಬೈಲ್‌ನಲ್ಲಿ ಫೋಟೋ ತೆಗೆದರೂ ತೆಗೆಯಬಹುದು' ಅಂತ ಬಿಡಿಸಿ ಹೇಳಿ. ಬೇಡ ಅಂದರೆ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸ ಆಗುವುದಿಲ್ಲ ಅನ್ನುವುದನ್ನೂ ಹೇಳಿ. ಒಪ್ಪಿದ ಮೇಲೂ ಹುಬ್ಬಿನಿಂದ ಕೆನ್ನೆವರೆಗೆ ಮಾತ್ರ ಕಾಣುವಂತೆ ವಿಡಿಯೋ ಕತ್ತರಿಸಿ, ಧ್ವನಿ ತೆಗೆಯಿರಿ. ಮಾತಿನಲ್ಲಿ ಊರಿನ ಹೆಸರು ಬರುವುದೇ ಬೇಡ.

ಕಾಲಿನ, ಕೈಯ ಫೋಟೋ ಆದರೆ ಪರವಾಗಿಲ್ಲ ಅಂದುಕೊಳ್ಳುತ್ತಾರೆ. ನಮ್ಮ ಕಡೆ ವಯಸ್ಸಾದ ಹೆಣ್ಣುಮಕ್ಕಳ ಕೈ ಮೇಲೆ ಹಚ್ಚೆ ಇರುತ್ತದೆ, ಕೆಲವರದರಲ್ಲಿ ಹೆಸರೇ ಇರುತ್ತದೆ. ಅದನ್ನೂ ನೋಡಿ.

ಎಕ್ಸ್‌ರೇ, ಸಿಟಿ ಫಿಲ್ಮ್‌ಗಳ ಮೂಲೆಯಲ್ಲಿ ಹೆಸರು, ವಯಸ್ಸು, ಆಸ್ಪತ್ರೆಯ ಐಪಿ (ಒಳರೋಗಿ) ನಂಬರ್ ಇರುತ್ತದೆ. ಅದರ ಮೇಲೆ ಪವರ್‌ಪಾಯಿಂಟ್‌ನಲ್ಲಿ ಕಪ್ಪು ಚೌಕ ಇಟ್ಟರೆ ಫೈಲ್ ಸಿಕ್ಕವರು ಚೌಕ ಎಳೆದು ಪಕ್ಕಕ್ಕಿಟ್ಟು ಓದಬಹುದು. ಕ್ರಾಪ್ ಮಾಡಿದರೂ ಅಷ್ಟೇ, ಕತ್ತರಿಸಿದ ಭಾಗ ಫೈಲ್‌ನೊಳಗೇ ಇರುತ್ತದೆ. ಕಂಪ್ರೆಸ್ ಪಿಕ್ಚರ್ಸ್‌ನಲ್ಲಿ ಕ್ರಾಪ್ ಆದ ಭಾಗ ಅಳಿಸುವ ಆಯ್ಕೆ ಇದೆ, ಅದನ್ನು ಮಾಡಿದರೇ ಹೋಗುವುದು. ಇದಕ್ಕಿಂತ ಸುರಕ್ಷಿತ ಅಂದರೆ ಹೆಸರನ್ನು ಮೊದಲೇ ಫೋಟೋ ಎಡಿಟರ್‌ನಲ್ಲಿ ಅಳಿಸಿ, ಆಮೇಲೆ ಸ್ಲೈಡ್‌ಗೆ ತರುವುದು. ಆಯೋಜಕರು ಎಲ್ಲರ ಪಿಪಿಟಿ ಸೇರಿಸಿ ಗ್ರೂಪ್‌ನಲ್ಲಿ ಹಾಕುವುದು ಮಾಮೂಲು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ವಿಡಿಯೋವನ್ನು ವಾಟ್ಸಾಪ್‌ನಲ್ಲಿ ಕಳಿಸಿಕೊಂಡರೆ ಕ್ವಾಲಿಟಿ ಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ ಅಥವಾ ಕೇಬಲ್ ಹಾಕಿ. ಎಂಪಿ4 ಮಾಡಿ ಸ್ಲೈಡ್‌ನೊಳಗೇ ಸೇರಿಸಿ. 10 ಸೆಕೆಂಡ್ ಸಾಕು, ರೋಗಿ ಮೇಲೆ ನೋಡಲು ಪ್ರಯತ್ನಿಸುವ ಭಾಗ ಮಾತ್ರ.

ತೊಗರಿ_ಕಣಜ:

ಸಿಸ್ಟರ್ ಮಾತು ಸರಿ ಇದೆ, ಕನ್ನಡದಲ್ಲೇ ಮಾಡು ತಮ್ಮಾ. ಆ ಕಟ್ಟುಹಾವಿನ ಕೇಸ್‌ನಿಂದಲೇ ಟಾಕ್ ಶುರು ಮಾಡು, ರೋಗಿ ಒಪ್ಪದಿದ್ದರೆ ಬಾಯಲ್ಲೇ ಹೇಳಿದರೂ ನಡೆಯುತ್ತದೆ. 'ಬೆಳಿಗ್ಗೆ ಹೊಟ್ಟೆನೋವು, ಗಾಯ ಇಲ್ಲ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?' ಅಂತ ಕೇಳಿ ಸ್ವಲ್ಪ ನಿಲ್ಲು. ಆಗ ಕೀಬೋರ್ಡ್‌ನ ಬಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಎಲ್ಲರೂ ನಿನ್ನ ಮುಖ ನೋಡುತ್ತಾರೆ. ಮತ್ತೆ ಬಿ ಒತ್ತಿದರೆ ಸ್ಲೈಡ್ ಬರುತ್ತದೆ.

ಟಾಕ್‌ನಲ್ಲಿ ಇನ್ನೊಂದು ವಿಷಯ ಸೇರಿಸು. ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಹಾವು ಕಡಿತ ವರದಿ ಮಾಡಲೇಬೇಕಾದ ಕಾಯಿಲೆ. ಖಾಸಗಿ ಆಸ್ಪತ್ರೆಯವರೂ ವರದಿ ಮಾಡಬೇಕು. ಇದು ಕೊನೆಯ ಸ್ಲೈಡ್‌ನಲ್ಲಿ ಬರಲಿ, 'ಧನ್ಯವಾದಗಳು' ಅಂತ ಹೂವಿನ ಚಿತ್ರ ಬೇಡ. ಪ್ರಶ್ನೆ ಕೇಳುವ 5 ನಿಮಿಷವೂ ಪರದೆ ಮೇಲೆ ಇರುವುದು ಆ ಕೊನೆಯ ಸ್ಲೈಡೇ. ಅಲ್ಲಿ ಆ ನಾಲ್ಕು ಮುಖ್ಯ ಸಾಲುಗಳೂ ಇರಲಿ.

ತೆಗೆದುಹಾಕಿದ ಸ್ಲೈಡ್‌ಗಳನ್ನು ಬಿಸಾಡಬೇಡ, ಆ ಕೊನೆಯ ಸ್ಲೈಡ್‌ನ ನಂತರಕ್ಕೆ ಇಡು. ಯಾರಾದರೂ ಗರ್ಭಿಣಿಗೆ ಎಎಸ್‌ವಿ ಕೊಡಬಹುದಾ ಅಂತ ಕೇಳಿದರೆ ಆ ಸ್ಲೈಡ್‌ನ ನಂಬರ್ ಒತ್ತಿ ಎಂಟರ್ ಒತ್ತು, ನೇರ ಅಲ್ಲಿಗೆ ಹೋಗುತ್ತದೆ. ನಂಬರ್‌ಗಳ ಪಟ್ಟಿ ಒಂದು ಚೀಟಿಯಲ್ಲಿ ಬರೆದು ಕೈಯಲ್ಲಿಟ್ಟುಕೊ.

ಮನೆಯಲ್ಲಿ ಜೋರಾಗಿ, ನಿಂತುಕೊಂಡು, ಗಡಿಯಾರ ಇಟ್ಟುಕೊಂಡು ಮಾತಾಡಿ ನೋಡು. ಮನಸ್ಸಿನಲ್ಲೇ ಓದಿಕೊಂಡರೆ 10 ನಿಮಿಷ ಅನಿಸಿದ್ದು ಸಭೆಯಲ್ಲಿ 18 ಆಗುತ್ತದೆ. 13 ನಿಮಿಷಕ್ಕೆ ಮುಗಿಯುವ ಹಾಗೆ ಮಾಡು. ಮಧ್ಯದಲ್ಲಿ ಯಾರಾದರೂ ಅತಿಥಿ ತಡವಾಗಿ ಬಂದು ಸನ್ಮಾನ ಅಂತ ಆದರೆ ನಿನ್ನ ಸಮಯದಲ್ಲೇ ಕಡಿತ ಆಗುತ್ತದೆ. ಆಗ ಯಾವ ಎರಡು ಸ್ಲೈಡ್ ಬಿಡಬೇಕು ಅನ್ನುವುದನ್ನು ಈಗಲೇ ತೀರ್ಮಾನ ಮಾಡಿಕೊ. ರಕ್ತದ ಟ್ಯೂಬ್ ಸ್ಲೈಡ್ ಮತ್ತು ಅಡ್ರಿನಲಿನ್ ಸ್ಲೈಡ್ ಮಾತ್ರ ಯಾವ ಕಾರಣಕ್ಕೂ ಬಿಡಬೇಡ.